ಜಲಪಾತದ ಕೆಳಗಿನ ಪಾಠ



ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಶಿವನಸಮುದ್ರದತ್ತ ಹೊರಡುತ್ತವೆ. ಮಕ್ಕಳು ಗಗನಚುಕ್ಕಿ, ಭರಚುಕ್ಕಿ ಜಲಪಾತಗಳನ್ನು ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಬಸ್ಸು ಮುಂದಿನ ಊರಿಗೆ ಓಡುತ್ತದೆ. ಶಿವನಸಮುದ್ರದಲ್ಲೇ ಇರುವ ವಿದ್ಯುದಾಗಾರದ ಹೆಸರನ್ನೂ ಯಾರೂ ಎತ್ತುವುದಿಲ್ಲ. ನನಗೆ ಇದು ನಿಜಕ್ಕೂ ದುಃಖದ ವಿಷಯ.

1902ರಲ್ಲಿ ಈ ವಿದ್ಯುದಾಗಾರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಅಷ್ಟು ದೂರದ ತಂತಿಯಲ್ಲಿ ವಿದ್ಯುತ್ತೆಲ್ಲ ಬಿಸಿಯಾಗಿ ಸೋರಿಹೋಗಲಿಲ್ಲ ಏಕೆ? ವೋಲ್ಟೇಜು ಏರಿಸಿದರೆ ಅಷ್ಟೇ ಶಕ್ತಿಯನ್ನು ಕಡಿಮೆ ಕರೆಂಟಿನಲ್ಲಿ ಸಾಗಿಸಬಹುದು. ಕರೆಂಟು ಅರ್ಧವಾದರೆ ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಬೀಳುವ ನೀರಿನ ಮೊರೆತ ಕೇಳುತ್ತಾ ಇದನ್ನು ಲೆಕ್ಕ ಹಾಕಿದರೆ ಮರೆಯುವಳೇ?

ಅದಕ್ಕೇ ಹೇಳುತ್ತೇನೆ, ಮಕ್ಕಳನ್ನು ಒಂದೇ ದಿನದಲ್ಲಿ ಐದಾರು ಊರು ಸುತ್ತಿಸುವುದು ಬೇಡ. ಒಂದೇ ಜಾಗ ಸಾಕು, ಇಡೀ ದಿನ ಇರಲಿ. ವಿದ್ಯುದಾಗಾರದ ಒಳಗೆ ಹೋಗಲು ಮೊದಲೇ ಅನುಮತಿ ಬೇಕು; ಅದು ಸಿಗದಿದ್ದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಜ್ಞಾನ ತೋರಿಸುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಿದೆ. ಪ್ರವಾಸದ ಪಟ್ಟಿ ಬರೆಯುತ್ತಿರುವ ಮೇಷ್ಟ್ರೇ, ಟೀಚರಮ್ಮನವರೇ, ಅನುಮತಿಯ ಅರ್ಜಿಯನ್ನು ದಯವಿಟ್ಟು ಈ ವಾರವೇ ಕಳುಹಿಸಿ.