ಕಡತದಲ್ಲಿ ಕಾಣದ ಮಗು

ಇಂದು ಪದವಿ ಸ್ವೀಕರಿಸುತ್ತಿರುವ ತರುಣ ತರುಣಿಯರೆ,

ನಿಮ್ಮಲ್ಲಿ ಅನೇಕರು ನಾಳೆ ಲೋಕೋಪಯೋಗಿ, ಸಣ್ಣ ನೀರಾವರಿ, ಅಂತರ್ಜಲ, ವಿದ್ಯುತ್, ನಗರಯೋಜನೆ, ಖಜಾನೆ ಮೊದಲಾದ ಸರಕಾರದ ಕಚೇರಿಗಳನ್ನು ಸೇರುವಿರಿ. ಅಲ್ಲಿ ಅಳತೆ, ಅಂದಾಜು, ಟೆಂಡರು, ಬಿಲ್ಲು, ಷರಾ ಇವುಗಳ ನಡುವೆ ನಿಮ್ಮ ದಿನಗಳು ಕಳೆಯುವುವು. ಮೇಜಿನೆದುರು ಗುತ್ತಿಗೆದಾರನು ಬಂದಾನು, ರೈತನು ಬಂದಾನು, ನಿವೃತ್ತ ನೌಕರನು ಬಂದಾನು, ಆದರೆ ಮಗು ಎಂದೂ ಬರಲಾರದು. ಆದಕಾರಣ ಮಕ್ಕಳ ರಕ್ಷಣೆಯು ಶಾಲೆಯ, ಅಂಗನವಾಡಿಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಹೊಣೆಯೇ ಹೊರತು ತಮ್ಮದಲ್ಲವೆಂಬ ಭಾವನೆ ಇಂಥ ಕಚೇರಿಗಳಲ್ಲಿ ಸಹಜವಾಗಿ ಬೇರೂರಿದೆ. ಅದು ತಪ್ಪು ಭಾವನೆಯೆಂದು ನಿವೇದಿಸುವುದೇ ನನ್ನ ಇಂದಿನ ಮಾತಿನ ಉದ್ದೇಶ.

ನಮ್ಮ ನಾಡಿನ ನಿದರ್ಶನವನ್ನೇ ತೆಗೆದುಕೊಳ್ಳಿ. 2017ರ ಏಪ್ರಿಲಿನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಆರು ವರ್ಷದ ಹುಡುಗಿ ಜೀವಂತವಾಗಿ ಮೇಲೆ ಬರಲಿಲ್ಲ. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಹಾಗೆಯೇ ಬಿದ್ದ ಎಳೆಯ ಕೂಸು, ಸುಮಾರು ಇಪ್ಪತ್ತು ಗಂಟೆಗಳ ಹೋರಾಟದ ಬಳಿಕ, ಪುಣ್ಯವಶಾತ್ ಬದುಕಿ ಬಂದಿತು. ನೀರು ಬೀಳದ ಬಾವಿಯಲ್ಲಿ ಕೇಸಿಂಗ್ ಪೈಪನ್ನು ಉಳಿಸುವುದು ನಷ್ಟವೆಂದು ಅದನ್ನು ಕಿತ್ತು ಬೇರೆಡೆಗೆ ಒಯ್ಯುವುದು ಹಳ್ಳಿಗಳಲ್ಲಿ ವಾಡಿಕೆ; ಉಳಿಯುವುದು ಒಂದು ಗೇಣಿಗಿಂತ ಕಿರಿದಾದ ಬಾಯಿ. ದೊಡ್ಡವರ ಕಾಲಿಗೆ ಅದು ಅಪಾಯವೆಂದೇ ತೋರದು. ಮಗುವಿನ ಮೈಯನ್ನು ಮಾತ್ರ ಅದು ಇಡಿಯಾಗಿ ನುಂಗಬಲ್ಲುದು.

ಇದಕ್ಕೆ ಪರಿಹಾರವು ಗೊತ್ತಿಲ್ಲದೆ ಇರಲಿಲ್ಲ. 2010ರ ಫೆಬ್ರವರಿಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಇದನ್ನೆಲ್ಲ ಅಂಗುಲ ಅಂಗುಲವಾಗಿ ವಿಧಿಸಿತ್ತು: ಬಾವಿ ಕೊರೆಯುವ ಹದಿನೈದು ದಿನ ಮುಂಚೆ ಲಿಖಿತ ಸೂಚನೆ ಕೊಡತಕ್ಕದ್ದು, ಕೊರೆಯುವಾಗ ಸುತ್ತಲೂ ಮುಳ್ಳುತಂತಿಯ ಬೇಲಿ ಹಾಕತಕ್ಕದ್ದು, ಕೇಸಿಂಗಿನ ಸುತ್ತ ಅರ್ಧ ಮೀಟರು ಅಗಲದ ಕಾಂಕ್ರೀಟು ಕಟ್ಟೆಯನ್ನು, ನೆಲದ ಮೇಲೆ 0.30 ಮೀಟರು, ಒಳಗೆ 0.30 ಮೀಟರು ಇರುವಂತೆ, ಕಟ್ಟತಕ್ಕದ್ದು. ಪೈಪಿನ ಬಾಯಿಗೆ ಉಕ್ಕಿನ ತಗಡನ್ನು ಬೆಸೆಯತಕ್ಕದ್ದು. ಕೈಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ನೆಲಮಟ್ಟದವರೆಗೆ ತುಂಬಿ ಪ್ರಮಾಣಪತ್ರ ಪಡೆಯತಕ್ಕದ್ದು. ಜಿಲ್ಲಾಡಳಿತವು ಊರೂರಿನ ಬಾವಿಗಳ ಲೆಕ್ಕ ಇಡತಕ್ಕದ್ದು. ಈ ಆಜ್ಞೆಯನ್ನು ಪಾಲಿಸಬೇಕಾದ ಕಚೇರಿಗಳನ್ನು ಗಮನಿಸಿರಿ: ಜಿಲ್ಲಾಧಿಕಾರಿ, ಅಂತರ್ಜಲ ಇಲಾಖೆ, ನೀರು ಸರಬರಾಜು, ಗ್ರಾಮ ಪಂಚಾಯಿತಿ. ಇವುಗಳಲ್ಲಿ ಒಂದೂ ಮಕ್ಕಳ ಕಚೇರಿಯಲ್ಲ. ಸ್ಥಳಕ್ಕೆ ಹೋಗದೆ ‘ಮುಚ್ಚಲಾಗಿದೆ’ ಎಂದು ಷರಾ ಬರೆಯುವ ಲೇಖನಿಯು ಒಂದು ಸುಳ್ಳನ್ನು ಬರೆದುದಷ್ಟೇ ಅಲ್ಲ, ಒಂದು ಬಾವಿಯನ್ನು ತೆರೆದಿಟ್ಟಂತೆಯೂ ಆಯಿತು.

ಕಟ್ಟಡಗಳ ಮಾತೂ ಹೀಗೆಯೇ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸುಟ್ಟು ಸತ್ತರು. ಅಧ್ಯಾಪಕನು ಮಕ್ಕಳನ್ನು ದಿನವೂ ನೋಡುತ್ತಾನೆ, ನಿಜ. ಆದರೆ ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವ ಅಧಿಕಾರಿ, ಅದರ ಭದ್ರತೆಗೆ ಸಹಿ ಹಾಕುವ ಎಂಜಿನಿಯರು, ಇವರು ಒಂದು ಮಗುವನ್ನೂ ನೋಡದೆಯೇ ನೂರಾರು ಮಕ್ಕಳ ಆಯುಸ್ಸನ್ನು ಕೈಯಲ್ಲಿ ಹಿಡಿದಿರುತ್ತಾರೆ.

ಇನ್ನೊಂದು ಬಗೆಯ ಹೊಣೆಯುಂಟು. ಅದು ಹುದ್ದೆಯಿಂದಲ್ಲ, ತಿಳಿವಳಿಕೆಯಿಂದ ಬರುವಂಥದು. 2012ರ ಪೋಕ್ಸೋ ಕಾಯ್ದೆಯ 19ನೆಯ ಪ್ರಕರಣವು, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ, ಅಥವಾ ನಡೆಯಬಹುದೆಂದು ಶಂಕಿಸಿದ ಯಾವ ವ್ಯಕ್ತಿಯೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ವಿಧಿಸುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸವೋ ದಂಡವೋ ಅಥವಾ ಎರಡೂ ಆಗಬಹುದು. ಸದ್ಭಾವನೆಯಿಂದ ತಿಳಿಸಿದವನಿಗಾದರೋ ಕಾನೂನಿನ ರಕ್ಷಣೆಯುಂಟು. ಮನೆಮನೆಗೆ ಹೋಗುವ ಮೀಟರ್ ರೀಡರಿಗೂ, ಹೊಲ ಅಳೆಯುವ ಭೂಮಾಪಕನಿಗೂ, ಖಜಾನೆಯ ಗುಮಾಸ್ತನಿಗೂ ಇದರಿಂದ ವಿನಾಯಿತಿ ಇಲ್ಲ. ವಿಚಾರಣೆ ನಡೆಸುವುದು ನಿಮ್ಮ ಕೆಲಸವಲ್ಲ. ಮಗುವಿನ ಹೆಸರನ್ನು ಊರಿಗೆ ಹಬ್ಬಿಸುವುದಂತೂ ಅಪಚಾರ. ಪೊಲೀಸರಿಗೆ ತಿಳಿಸಿರಿ, ಮಗುವಿಗೆ ಆಸರೆ ಬೇಕಾದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿರಿ.

ಈ ಹೊಣೆಯನ್ನು ಕಚೇರಿಗಳು ತಾವೇ ಅರಿತುಕೊಳ್ಳುವ ಬಗೆಗೆ ಹೊರನಾಡಿನ ಮಾದರಿಯೊಂದುಂಟು. ಆಸ್ಟ್ರೇಲಿಯಾ ದೇಶದಲ್ಲಿ, ಸಂಸ್ಥೆಗಳೊಳಗೆ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ಕುರಿತು 2013ರಿಂದ 2017ರವರೆಗೆ ವಿಚಾರಣೆ ನಡೆಸಿದ ರಾಯಲ್ ಕಮಿಷನ್ನಿನ ತರುವಾಯ, ಅಲ್ಲಿನ ಕೇಂದ್ರ ಸರಕಾರವು ತನ್ನ ಇಲಾಖೆಗಳಿಗೆಲ್ಲ ಒಂದು ಕಟ್ಟಳೆ ಮಾಡಿತು. ಮಕ್ಕಳೊಡನೆ ವ್ಯವಹಾರವೇ ಇಲ್ಲವೆಂಬಷ್ಟು ಕಡಿಮೆಯಿರುವ ಕಚೇರಿಯೂ ಸಹ, ತನಗೆ ಅವರ ಸಂಪರ್ಕವೆಷ್ಟು, ಹೊಣೆಯೆಷ್ಟು, ತನ್ನ ಕೆಲಸದಿಂದ ಅವರಿಗೆ ಅಪಾಯವೆಷ್ಟು ಎಂಬುದನ್ನು ವರ್ಷಕ್ಕೊಮ್ಮೆ ತಾನೇ ಪರಿಶೀಲಿಸಿಕೊಳ್ಳಬೇಕು. ‘ನಮಗೂ ಮಕ್ಕಳಿಗೂ ಸಂಬಂಧವಿಲ್ಲ’ ಎಂದು ಹೇಳುವ ಮುನ್ನ ಹುಡುಕಿ ನೋಡಬೇಕೆಂಬ ಈ ನಿಯಮ ನನಗೆ ವಿವೇಕದ್ದಾಗಿ ತೋರಿದೆ. ಕೆಲಸದ ಹೊರೆ ಈಗಲೇ ಹೆಚ್ಚೆಂಬ ಆಕ್ಷೇಪ ಬಂದೀತು. ಆದರೆ ಟಿಪ್ಪಣಿಯ ಕೊನೆಗೆ ‘ಇದರಿಂದ ಮಕ್ಕಳಿಗೆ ಅಪಾಯವುಂಟೆ?’ ಎಂಬ ಒಂದು ಸಾಲನ್ನು ಬರೆದು, ಅದಕ್ಕೆ ಸ್ಥಳ ನೋಡಿ ಉತ್ತರಿಸುವುದಕ್ಕೆ ಹೊಸ ಇಲಾಖೆಯೂ ಬೇಡ, ಹೊಸ ಅನುದಾನವೂ ಬೇಡ.

ತರುಣ ಮಿತ್ರರೆ, ಮಗು ಅರ್ಜಿ ಬರೆಯಲಾರದು, ಮೇಲ್ಮನವಿ ಸಲ್ಲಿಸಲಾರದು, ಮತದಾನ ಮಾಡಲಾರದು. ಅದರ ಪರವಾಗಿ ಪ್ರಶ್ನೆ ಕೇಳುವವರು ಸರಕಾರದ ಪ್ರತಿಯೊಂದು ಕಚೇರಿಯಲ್ಲಿಯೂ ಇರಬೇಕು. ನೀವು ಸೇರುವ ಕಚೇರಿಯಲ್ಲಿ ಆ ಪ್ರಶ್ನೆಯನ್ನು ಮೊದಲು ಕೇಳುವವರು ನೀವಾಗಿರಿ; ನೋಡದೆ ಸಹಿ ಮಾಡಬೇಡಿರಿ, ತಿಳಿದು ಸುಮ್ಮನಿರಬೇಡಿರಿ.