ಬೇಸ್‌ಬಾಲ್‌ಗೂ ಮುಂಚಿನ ಚೆಂಡಾಟಗಳು

ಬೀಸಿ ಬಂದ ಚೆಂಡನ್ನು ಹೊಡೆಯುವುದು, ಗುರುತಿನ ಜಾಗಕ್ಕೆ (ಬೇಸಿಗೆ) ಓಡುವುದು, ಔಟಾಗದೆ ಮರಳುವುದು: ಬೇಸ್‌ಬಾಲ್‌ನ ಈ ತಿರುಳು 18ನೇ ಶತಮಾನದ ಇಂಗ್ಲೆಂಡಿನ ಮಕ್ಕಳ ಆಟಗಳಲ್ಲೇ ಇತ್ತು. ಲಂಡನ್ನಿನ ಜಾನ್ ನ್ಯೂಬೆರಿ 1744ರಲ್ಲಿ ಹೊರತಂದ ಮಕ್ಕಳ ಪುಸ್ತಕದಲ್ಲಿ ‘ಬೇಸ್-ಬಾಲ್’ ಎಂಬ ಹೆಸರೂ ಚಿತ್ರವೂ ಇವೆ. ಚಿತ್ರದಲ್ಲಿ ಬೇಸುಗಳ ಜಾಗದಲ್ಲಿ ಗೂಟಗಳಿವೆ. ಬ್ಯಾಟು ಮಾತ್ರ ಇಲ್ಲ. 1796ರಲ್ಲಿ ಜರ್ಮನಿಯ ವ್ಯಾಯಾಮ ಶಿಕ್ಷಕ ಗುಟ್ಸ್‌ಮುಟ್ಸ್ ಇಂಗ್ಲಿಷರ ಈ ಆಟವನ್ನು ಬ್ಯಾಟಿನ ಸಮೇತ ವಿವರಿಸಿದ.

ಅಷ್ಟರಲ್ಲಿ ಇಂಥ ಆಟಗಳು ಅಮೆರಿಕದಲ್ಲೂ ಬೇರೂರಿದ್ದವು. 1791ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರು, ಹೊಸ ಸಭಾಮಂದಿರದ ಕಿಟಕಿಗಳು ಒಡೆಯದಿರಲೆಂದು, ಅದರ ಸುತ್ತ 80 ಗಜದೊಳಗೆ ಚೆಂಡಾಟವನ್ನೇ ನಿಷೇಧಿಸಿತು. ನಿಷೇಧಿಸಿದ ಆಟಗಳ ಪಟ್ಟಿಯಲ್ಲಿ ಕ್ರಿಕೆಟ್ಟೂ ಇದೆ, ಬೇಸ್‌ಬಾಲೂ ಇದೆ.

ಎಷ್ಟು ಮಕ್ಕಳು ಸೇರಿದರೋ ಅದಕ್ಕೆ ತಕ್ಕಂತೆ ಆಟ. ಮೂರ್ನಾಲ್ಕು ಜನ ಇದ್ದರೆ ‘ಒನ್ ಓಲ್ಡ್ ಕ್ಯಾಟ್’. ಒಬ್ಬ ಚೆಂಡು ಎಸೆಯುತ್ತಾನೆ, ಒಬ್ಬ ಹಿಂದೆ ನಿಂತು ಹಿಡಿಯುತ್ತಾನೆ, ಒಬ್ಬ ಹೊಡೆದು ಇರುವ ಒಂದೇ ಬೇಸಿಗೆ ಓಡಿ ವಾಪಸು ಬರುತ್ತಾನೆ. ತಂಡಗಳಿಲ್ಲ; ಔಟಾದವನು ಬ್ಯಾಟು ಬಿಟ್ಟುಕೊಡಬೇಕು. ಜನ ಹೆಚ್ಚಿದರೆ ಬೇಸುಗಳೂ ಬ್ಯಾಟುಗಾರರೂ ಹೆಚ್ಚುತ್ತಿದ್ದರು: ‘ಟೂ ಓಲ್ಡ್ ಕ್ಯಾಟ್’, ‘ತ್ರೀ ಓಲ್ಡ್ ಕ್ಯಾಟ್’.

ಇನ್ನೂ ದೊಡ್ಡ ಗುಂಪು ಎರಡು ತಂಡವಾಗಿ ಆಡುತ್ತಿದ್ದುದು ಟೌನ್ ಬಾಲ್ ಅಥವಾ ರೌಂಡ್ ಬಾಲ್. ಇವು ಇಂಗ್ಲೆಂಡಿನ ರೌಂಡರ್ಸ್‌ನ ಬಳಗದವು. ಇವುಗಳಲ್ಲಿ ಓಡುವವನಿಗೆ ಚೆಂಡನ್ನೇ ಎಸೆದು ಹೊಡೆದರೆ ಅವನು ಔಟ್. ಪೆಟ್ಟು ಜೋರಾಗಿ ಬೀಳಬಾರದೆಂದರೆ ಚೆಂಡು ಮೆತ್ತಗಿರಲೇಬೇಕು.

ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬು 1845ರಲ್ಲಿ ಬರೆದಿಟ್ಟ ನಿಯಮಗಳು ಈ ಎಸೆತವನ್ನು ಕೈಬಿಟ್ಟವು. ಓಡುವವನನ್ನು ಚೆಂಡು ಹಿಡಿದ ಕೈಯಿಂದ ಮುಟ್ಟಬೇಕು, ಇಲ್ಲವೇ ಅವನಿಗಿಂತ ಮೊದಲು ಚೆಂಡು ಬೇಸು ಸೇರಬೇಕು. ಇದರಿಂದ ಗಟ್ಟಿ ಚೆಂಡಿಗೆ ದಾರಿಯಾಯಿತು; ಹೊಡೆತ ದೂರ ಹೋಯಿತು, ಮೈದಾನ ಹಿಗ್ಗಿತು.

ಹಳೆಯ ಪದ್ಧತಿಗೆ ಮ್ಯಾಸಚೂಸೆಟ್ಸ್‌ನಲ್ಲಿ 1858ರಲ್ಲಿ ಲಿಖಿತ ನಿಯಮಗಳು ಬಂದವು: ಚೌಕಾಕಾರದ ಅಂಗಳ, ಒಬ್ಬ ಔಟಾದರೆ ಇಡೀ ತಂಡ ಔಟ್, ಮೊದಲು 100 ಓಟ ಗಳಿಸಿದವರಿಗೆ ಗೆಲುವು. ಆದರೆ 1860ರ ದಶಕದಲ್ಲಿ ನ್ಯೂಯಾರ್ಕ್ ಮಾದರಿಯೇ ದೇಶದ ತುಂಬ ಹರಡಿ, ಮ್ಯಾಸಚೂಸೆಟ್ಸ್ ಮಾದರಿ ಮರೆಯಾಯಿತು. ರೌಂಡರ್ಸ್ ಮಾತ್ರ ಬ್ರಿಟನ್ನಿನ ಶಾಲೆಗಳಲ್ಲಿ ಈಗಲೂ ಉಳಿದಿದೆ.