ಕದ್ದ ರತ್ನ, ಕಳೆದ ತಾರುಣ್ಯ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳ್ಳರ ಸಾಹಸದ ಕಥೆಗಳನ್ನು ನಾವೆಲ್ಲರೂ ಬೆರಗಿನಿಂದ ಕೇಳುತ್ತೇವೆ. ಆ ಸಾಹಸದ ನಿಜಸ್ವರೂಪವನ್ನು ಇಂದು ಒಂದು ಉದಾಹರಣೆಯಿಂದ ವಿಚಾರಿಸೋಣ.

1964ನೆಯ ಇಸವಿ ಅಕ್ಟೋಬರ್ 29ರ ರಾತ್ರಿ ಜ್ಯಾಕ್ ಮರ್ಫಿ ಎಂಬ ತರುಣನೂ ಅವನ ಗೆಳೆಯನೂ ನ್ಯೂಯಾರ್ಕಿನ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯವನ್ನು ಕಿಟಕಿಯ ಮೂಲಕ ಹೊಕ್ಕರು. ಮೂರನೆಯವನು ಹೊರಗೆ ಕಾದಿದ್ದನು. 563 ಕ್ಯಾರಟ್ ತೂಕದ ‘ಸ್ಟಾರ್ ಆಫ್ ಇಂಡಿಯಾ’ ನೀಲಮಣಿಯೂ ‘ಈಗಲ್’ ಎಂಬ ವಜ್ರವೂ ಅವರ ಕೈಸೇರಿದವು.

ಹಲವರು ಇದನ್ನು ಸಾಹಸವೆಂದು ಕೊಂಡಾಡಿದರು. ಆದರೆ ಕಿಟಕಿಗೆ ಅಗುಳಿ ಹಾಕಿರಲಿಲ್ಲ. ಎಚ್ಚರಿಕೆಯ ಗಂಟೆಯ ಬ್ಯಾಟರಿ ಎಂದೋ ಬರಿದಾಗಿತ್ತು. ಅನ್ಯರ ಅಜಾಗ್ರತೆಯೇ ಇವರ ಪರಾಕ್ರಮ! ಎರಡೇ ದಿನಗಳಲ್ಲಿ ಸೆರೆಸಿಕ್ಕರು. ನೀಲಮಣಿಯು 1965ರ ಜನವರಿಯಲ್ಲಿ ಮಯಾಮಿಯ ಬಸ್ ನಿಲ್ದಾಣದ ಪೆಟ್ಟಿಗೆಯೊಂದರಲ್ಲಿ ದೊರೆಯಿತು. ಈಗಲ್ ವಜ್ರವು ಇಂದಿಗೂ ದೊರೆತಿಲ್ಲ.

ಮರ್ಫಿ ಕಡಲಿನ ಅಲೆಗಳ ಮೇಲೆ ಹಲಗೆಯೇರಿ ಸಾಗುವುದರಲ್ಲಿ ನಿಪುಣನು, ಪಿಟೀಲು ಬಲ್ಲವನು. ಅಂಥವನು 1969ರಲ್ಲಿ ಕೊಲೆಯ ಅಪರಾಧಿಯೆನಿಸಿ 1986ರವರೆಗೂ ಸೆರೆಮನೆಯಲ್ಲಿ ಕಳೆದನು. ಬಿಡುಗಡೆಯಾದ ಮೇಲೆ ಬಂದಿಗಳಿಗೆ ಸನ್ಮಾರ್ಗವನ್ನು ಬೋಧಿಸಿದನು; ಕಳೆದ ತಾರುಣ್ಯ ಮಾತ್ರ ಮರಳಲಿಲ್ಲ.

ಪೋಷಕರೇ, ಮಕ್ಕಳ ಜಾಣ್ಮೆಯನ್ನು ಹೊಗಳುವ ಮುನ್ನ ಅದು ಯಾವ ದಾರಿಯಲ್ಲಿ ಸಾಗಿದೆಯೆಂದು ವಿಚಾರಿಸಿರಿ.

ಮಕ್ಕಳೇ, ಆ ರತ್ನಗಳು ಎಲ್ಲರೂ ನೋಡಿ ಕಲಿಯಲೆಂದು ಇಟ್ಟವು. ಈಗಲ್ ವಜ್ರವನ್ನು ಕಾಣುವ ಭಾಗ್ಯ ಮುಂದಿನ ಪೀಳಿಗೆಗೆ ತಪ್ಪಿತು. ನಮ್ಮ ಗಡಿನಾಡಿನಲ್ಲಿ ಕನ್ನಡ ಪುಸ್ತಕಗಳೇ ವಿರಳ. ವಾಚನಾಲಯದ ಪುಸ್ತಕದಿಂದ ಒಂದು ಹಾಳೆಯನ್ನು ಹರಿದೊಯ್ಯುವವನೂ ಮುಂದೆ ಬರುವ ತಮ್ಮತಂಗಿಯರ ಪಾಲನ್ನೇ ಕದಿಯುತ್ತಾನೆ. ಯಾರೂ ನೋಡದಿರುವಾಗಲೂ ಅದನ್ನು ಕಾಯುವುದೇ ನಿಜವಾದ ಧೈರ್ಯ.